ಮೊಬೈಲ್ ಜಾಲದ ಪರೀಕ್ಷೆಯಲ್ಲಿ ಹಳ್ಳಿಗೆ ಎಷ್ಟು ಪಾಲು?

2022ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯ ಮೆಟ್ರೊ ನಿಲ್ದಾಣದಲ್ಲಿ ಐದನೆಯ ತಲೆಮಾರಿನ, ಅಂದರೆ 5ಜಿ ಮೊಬೈಲ್ ಜಾಲದ ಪರೀಕ್ಷೆ ನಡೆಯಿತು. ನಿಲ್ದಾಣದ ಸುತ್ತ ಸುಮಾರು 200 ಮೀಟರ್ ವ್ಯಾಪ್ತಿಯಲ್ಲಿ ಮಾಹಿತಿಯು ಸೆಕೆಂಡಿಗೆ 1.45 ಗಿಗಾಬಿಟ್ ವೇಗದಲ್ಲಿ ಫೋನಿಗೆ ಇಳಿಯಿತು. 65 ಮೆಗಾಬಿಟ್ ವೇಗದಲ್ಲಿ ಫೋನಿನಿಂದ ಮೇಲೇರಿತು. ದೇಶದ ಮೆಟ್ರೊಗಳಲ್ಲಿ ಇಂಥ ಪರೀಕ್ಷೆ ಇದೇ ಮೊದಲು ಎಂಬ ಪ್ರಕಟಣೆ ಹೊರಬಿತ್ತು. ಪತ್ರಿಕೆಗಳು 4ಜಿಗಿಂತ ಎಷ್ಟು ಪಟ್ಟು ವೇಗ ಎಂಬ ಲೆಕ್ಕವನ್ನು ದಪ್ಪ ಅಕ್ಷರಗಳಲ್ಲಿ ಅಚ್ಚಿಸಿದವು.

ಅದಕ್ಕೆ ಒಂದು ವರ್ಷ ಹಿಂದೆ, 2021ರ ಜೂನ್ ತಿಂಗಳ ಮುಂಗಾರಿನಲ್ಲಿ, ಇದೇ ರಾಜ್ಯದ ಸುಳ್ಯ ತಾಲ್ಲೂಕಿನ ಒಂದು ಛಾಯಾಚಿತ್ರ ನಾಡಿನಾದ್ಯಂತ ಹರಿದಾಡಿತ್ತು. ಮನೆಯಲ್ಲಿ ಸಿಗ್ನಲ್ ಸಿಗದ ಕಾರಣ ವಿದ್ಯಾರ್ಥಿನಿಯೊಬ್ಬಳು ರಸ್ತೆಯ ಬದಿಯಲ್ಲಿ ಕುಳಿತು ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದಾಳೆ. ಸುರಿಯುವ ಮಳೆಯಲ್ಲಿ ಆಕೆಯ ತಂದೆ ಕೊಡೆ ಹಿಡಿದು ನಿಂತಿದ್ದಾರೆ. ಕೊರೊನಾ ಕಾಲದಲ್ಲಿ ಶಾಲೆಗಳು ಮುಚ್ಚಿದ್ದಾಗ ಮಲೆನಾಡಿನ ಎಷ್ಟೋ ಮಕ್ಕಳು ಗುಡ್ಡ ಹತ್ತಿ, ಮರವೇರಿ ಪಾಠ ಕೇಳಿದ್ದನ್ನು ನಮ್ಮ ಓದುಗರಲ್ಲಿ ಅನೇಕರು ಕಣ್ಣಾರೆ ಕಂಡಿದ್ದಾರೆ.

ಈ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನಗರವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಮೆಟ್ರೊ ನಿಲ್ದಾಣದಲ್ಲಿ ಪರೀಕ್ಷಿಸಿದ ಸಂಗತಿಯೇ ಬೇರೆ. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು (ಟ್ರಾಯ್) ಭೋಪಾಲ ನಗರ, ದೆಹಲಿಯ ವಿಮಾನ ನಿಲ್ದಾಣ, ಕಾಂಡ್ಲಾ ಬಂದರು ಹಾಗೂ ಬೆಂಗಳೂರಿನ ಮೆಟ್ರೊಗಳನ್ನು ಆರಿಸಿಕೊಂಡು, ದೊಡ್ಡ ಟವರ್‌ಗಳ ಬದಲು ದೀಪದ ಕಂಬ, ನಿಲ್ದಾಣದ ಗೋಡೆ, ಬಸ್ ತಂಗುದಾಣಗಳಂಥ ಜಾಗಗಳಲ್ಲಿ ಚಿಕ್ಕ ಸಾಧನಗಳನ್ನು ಅಳವಡಿಸಿ 5ಜಿ ಒದಗಿಸಲು ಸಾಧ್ಯವೇ ಎಂದು ನೋಡುತ್ತಿತ್ತು. ಅದು ಕೇಳಲೇಬೇಕಾದ ಪ್ರಶ್ನೆ. ಅದಕ್ಕೆ ಉತ್ತರವೂ ದೊರೆಯಿತು. ಆದರೆ ಯಾವ ಪರೀಕ್ಷೆಯಾದರೂ ತನ್ನನ್ನು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಈಗ ಆರನೆಯ ತಲೆಮಾರಿನ ಜಾಲದ ಪ್ರಶ್ನೆಪತ್ರಿಕೆ ಸಿದ್ಧವಾಗುತ್ತಿರುವುದರಿಂದ, ಕಳೆದ ಬಾರಿ ಯಾರ ಪ್ರಶ್ನೆಗಳನ್ನು ಕೇಳಲಾಯಿತು, ಯಾರವು ಉಳಿದುಹೋದವು ಎಂಬುದನ್ನು ಪರಿಶೀಲಿಸುವುದು ಸಕಾಲಿಕ.

ಮೊದಲು ಪರೀಕ್ಷೆಯ ವಸ್ತುವನ್ನು ಅರಿಯಬೇಕು. ಮೊಬೈಲ್ ಜಾಲವು ಚಲಿಸುವುದು ರೇಡಿಯೊ ತರಂಗಗಳ ಮೇಲೆ. ಜಾತ್ರೆಯ ದಿನ ನಗಾರಿಯ ಗಂಭೀರ ಧ್ವನಿ ಗುಡ್ಡದಾಚೆಯ ಊರಿಗೂ ಕೇಳುತ್ತದೆ; ತಾಳದ ಕಿಣಿಕಿಣಿ ಬೀದಿಯ ತಿರುವು ದಾಟುವುದರೊಳಗೆ ಅಡಗಿಹೋಗುತ್ತದೆ. ರೇಡಿಯೊ ತರಂಗಗಳ ಸ್ವಭಾವವೂ ಹೆಚ್ಚುಕಡಿಮೆ ಹಾಗೆಯೇ. 700 ಮೆಗಾಹರ್ಟ್ಸ್‌ನಂಥ ಕೆಳಗಿನ ಆವರ್ತನದ ತರಂಗಗಳು ಬಹುದೂರ ಸಾಗುತ್ತವೆ, ಗೋಡೆಗಳನ್ನೂ ತೂರುತ್ತವೆ. ಆದರೆ ಅವು ಹೊರುವ ಮಾಹಿತಿಯ ಹೊರೆ ಕಡಿಮೆ. 26 ಗಿಗಾಹರ್ಟ್ಸ್‌ನಂಥ ಮೇಲಿನ ಆವರ್ತನದಲ್ಲಿ ಮಾಹಿತಿಯ ಹೊಳೆಯನ್ನೇ ಹರಿಸಬಹುದು. ಆದರೆ ಒಂದು ಗೋಡೆ, ಒಂದು ದಟ್ಟ ಮರ ಅಡ್ಡ ಬಂದರೂ ಹರಿವು ಸೊರಗುತ್ತದೆ. 3.3 ಗಿಗಾಹರ್ಟ್ಸ್‌ನ ಆಸುಪಾಸಿನ ತರಂಗಗಳು ಇವೆರಡರ ನಡುವಿನವು. ಹೀಗಾಗಿ ಪರೀಕ್ಷೆ ಯಾವ ಆವರ್ತನದಲ್ಲಿ, ಎಂಥ ಭೂಮಿಯ ಮೇಲೆ, ಎಷ್ಟು ದೂರದಲ್ಲಿ ನಡೆಯಿತು ಎಂಬುದನ್ನು ಹೇಳದೆ ವೇಗದ ಅಂಕಿಯನ್ನು ಮಾತ್ರ ಹೇಳಿದರೆ ಕೇಳುಗನಿಗೆ ಅರ್ಧ ಸತ್ಯವನ್ನಷ್ಟೇ ಕೊಟ್ಟಂತೆ.

ಇಲ್ಲಿ ಬಹಳ ಜನರಿಗೆ ತಿಳಿಯದ ಒಂದು ಪ್ರಸಂಗವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಹೊಸ ತಲೆಮಾರಿನ ತಂತ್ರಜ್ಞಾನವೊಂದು 5ಜಿ ಎನಿಸಿಕೊಳ್ಳಬೇಕಾದರೆ ಅದು ವಿಶ್ವಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು (ಐಟಿಯು) ಗೊತ್ತುಮಾಡಿದ ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕು. ಬಯಲಿಗೆ ಬರುವ ಮೊದಲು ಕಂಪ್ಯೂಟರಿನಲ್ಲಿ ಕಲ್ಪಿತ ಊರುಗಳನ್ನು ನಿರ್ಮಿಸಿ, ಕಲ್ಪಿತ ಟವರ್‌ಗಳನ್ನು ನಿಲ್ಲಿಸಿ ನಡೆಸುವ ಪರೀಕ್ಷೆಗಳು ಇವು. ಅದರಲ್ಲಿ ಹಳ್ಳಿಗಾಡಿಗೂ ಒಂದು ಭಾಗವಿತ್ತು. ಆದರೆ ಆ ಹಳ್ಳಿಯಲ್ಲಿ ಒಂದು ಟವರಿಗೂ ಇನ್ನೊಂದಕ್ಕೂ ಇದ್ದ ಅಂತರ 1,732 ಮೀಟರ್. ಬಳಕೆದಾರರಲ್ಲಿ ಗಂಟೆಗೆ 120 ಕಿಲೋಮೀಟರ್ ವೇಗದಲ್ಲಿ ಕಾರಿನಲ್ಲಿ ಸಾಗುವವರೂ ಇದ್ದರು. ಇದು ನಮ್ಮ ಹಳ್ಳಿಯಲ್ಲ. ವಿಶಾಲ ಹೊಲಗಳ ನಡುವೆ ಹೆದ್ದಾರಿ ಹಾದುಹೋಗುವ ಶ್ರೀಮಂತ ದೇಶದ ಗ್ರಾಮಾಂತರ. ನಮ್ಮ ಜನ ಒತ್ತೊತ್ತಾಗಿ ಊರು ಕಟ್ಟಿಕೊಂಡು ವಾಸಿಸುತ್ತಾರೆ. ಊರಿಗೂ ಊರಿಗೂ ನಡುವೆ ಹೊಲ, ಕೆರೆ, ಗುಡ್ಡ. ಪ್ರತಿ ಒಂದೂಮುಕ್ಕಾಲು ಕಿಲೋಮೀಟರಿಗೆ ಟವರ್ ನಿಲ್ಲಿಸಿ, ಅದಕ್ಕೆ ವಿದ್ಯುತ್ತು, ಡೀಸೆಲ್, ಕೇಬಲ್ ಒದಗಿಸುವ ಖರ್ಚನ್ನು ಇಲ್ಲಿಯ ಆದಾಯ ತಾಳಲಾರದು. ಗ್ರಾಮ ಪಂಚಾಯಿತಿಯಿರುವ ಊರಿನಲ್ಲಿ ಒಂದು ಟವರ್ ನಿಂತು ಸುತ್ತಲ ಊರುಗಳನ್ನೆಲ್ಲ ಅದೇ ನೋಡಿಕೊಳ್ಳಬೇಕು.

ಭಾರತದ ತಂತ್ರಜ್ಞರು ಈ ಮಾತನ್ನು ಐಟಿಯು ವೇದಿಕೆಯಲ್ಲಿ ಎತ್ತಿದರು. ಟವರ್‌ಗಳ ನಡುವೆ 6 ಕಿಲೋಮೀಟರ್ ಅಂತರ, ಬಳಕೆದಾರರಲ್ಲಿ ಬಹುಪಾಲು ಮನೆಯಲ್ಲಿರುವವರು ಮತ್ತು ನಡೆದು ಹೋಗುವವರು, ವಾಹನವಿದ್ದರೆ ಅದರ ವೇಗ ಗಂಟೆಗೆ 30 ಕಿಲೋಮೀಟರ್ ಎಂಬ ಇನ್ನೊಂದು ಹಳ್ಳಿಯನ್ನು ಪರೀಕ್ಷೆಗೆ ಸೇರಿಸಬೇಕೆಂದು ವಾದಿಸಿದರು. 2017ರಲ್ಲಿ ಆ ವಾದಕ್ಕೆ ಮನ್ನಣೆ ದೊರೆಯಿತು. ಐಐಟಿ ಮದರಾಸು, ಐಐಟಿ ಹೈದರಾಬಾದು ಮತ್ತು ಸೀವಿಟ್ ಸಂಶೋಧನಾ ಕೇಂದ್ರದವರು ಈ ಅಗತ್ಯಕ್ಕೆಂದೇ ರೂಪಿಸಿದ ‘5ಜಿಐ’ ತಂತ್ರಜ್ಞಾನಕ್ಕೂ ಮುಂದೆ ಐಟಿಯು ಒಪ್ಪಿಗೆ ಸಿಕ್ಕಿತು. ಬಳಿಕ ಅದರ ಅಂಶಗಳನ್ನು ಜಾಗತಿಕ 5ಜಿ ಮಾನದಂಡದೊಳಗೇ ಸೇರಿಸಿಕೊಳ್ಳುವ ಒಪ್ಪಂದವಾಯಿತು. ಪ್ರತ್ಯೇಕವಾಗಿ ನಿಲ್ಲದೆ ಹೋಯಿತಲ್ಲ ಎಂದು ಕೊರಗಿದವರೂ ಇದ್ದರು. ಒಂದು ದೇಶಕ್ಕಾಗಿಯೇ ಬೇರೆ ಫೋನು, ಬೇರೆ ಯಂತ್ರ ತಯಾರಿಸಬೇಕಾಗಿ ಬಂದಿದ್ದರೆ ಅದರ ಬೆಲೆಯನ್ನು ಹಳ್ಳಿಯವನೇ ತೆರಬೇಕಾಗುತ್ತಿತ್ತು. ಆದ್ದರಿಂದ ಸೇರಿಹೋದದ್ದೇ ಲೇಸು ಎಂಬುದು ನಮ್ಮ ಅಭಿಪ್ರಾಯ. ಮುಖ್ಯವಾದ ಸಾಧನೆ ಆ ಮೊದಲೇ ನಡೆದಿತ್ತು. ಸೋತು ಅಂಕ ಕಡಿಮೆಯಾಯಿತೆಂದು ದೂರುವ ಬದಲು ಪ್ರಶ್ನೆಪತ್ರಿಕೆಯನ್ನೇ ತಿದ್ದಿಸಿಕೊಂಡು ಬಂದ ಈ ಕೆಲಸಕ್ಕೆ ಮೆಟ್ರೊ ನಿಲ್ದಾಣದ ವೇಗಕ್ಕೆ ಸಿಕ್ಕ ಪ್ರಚಾರದಲ್ಲಿ ನೂರರಲ್ಲೊಂದು ಪಾಲೂ ಸಿಗಲಿಲ್ಲ.

ಕಾಗದದ ಪರೀಕ್ಷೆಯ ನಂತರ ಬಯಲಿನ ಪರೀಕ್ಷೆ. 2021ರ ಮೇ 4ರಂದು ಕೇಂದ್ರ ದೂರಸಂಪರ್ಕ ಇಲಾಖೆಯು ಏರ್‌ಟೆಲ್, ಜಿಯೊ, ವೊಡಾಫೋನ್ ಐಡಿಯಾ ಮತ್ತು ಎಂಟಿಎನ್‌ಎಲ್ ಸಂಸ್ಥೆಗಳಿಗೆ 5ಜಿ ಪ್ರಯೋಗಕ್ಕೆ ಅನುಮತಿ ನೀಡಿತು. ಅವಧಿ ಆರು ತಿಂಗಳು; ಅದರಲ್ಲಿ ಎರಡು ತಿಂಗಳು ಯಂತ್ರಗಳನ್ನು ತರಿಸಿ ಹೂಡುವುದಕ್ಕೆ. ಪ್ರಯೋಗದ ಜಾಲವು ಜನ ಬಳಸುವ ಜಾಲಕ್ಕೆ ಜೋಡಣೆಯಾಗಕೂಡದು, ಅದರಿಂದ ವ್ಯಾಪಾರ ನಡೆಸಕೂಡದು, ಹುಟ್ಟಿದ ಮಾಹಿತಿ ಭಾರತದಲ್ಲೇ ಉಳಿಯಬೇಕು ಎಂಬ ನಿಬಂಧನೆಗಳಿದ್ದವು. ಇನ್ನೊಂದು ನಿಬಂಧನೆ ನಮಗೆ ಮಹತ್ವದ್ದು: ಪ್ರತಿಯೊಂದು ಸಂಸ್ಥೆಯೂ ನಗರಗಳಲ್ಲಿ ಮಾತ್ರವಲ್ಲದೆ ಗ್ರಾಮೀಣ ಹಾಗೂ ಅರೆನಗರ ಪ್ರದೇಶಗಳಲ್ಲಿಯೂ ಪ್ರಯೋಗ ನಡೆಸಬೇಕು. ಆರು ತಿಂಗಳು ಸಾಲದೆ ಅವಧಿಯನ್ನು ಇನ್ನೂ ಆರು ತಿಂಗಳು ವಿಸ್ತರಿಸಲಾಯಿತು.

ಆ ಮೇ ತಿಂಗಳು ಎಂಥದ್ದೆಂದು ಯಾರೂ ಮರೆತಿರಲಾರರು. ಕೊರೊನಾ ಎರಡನೆಯ ಅಲೆಯಲ್ಲಿ ಮನೆಮನೆಯಲ್ಲೂ ಸಾವು. ಆಗಲೇ, 5ಜಿ ಪರೀಕ್ಷೆಯ ವಿಕಿರಣದಿಂದ ಜನ ಸಾಯುತ್ತಿದ್ದಾರೆ, ಅದಕ್ಕೆ ಕೊರೊನಾ ಎಂದು ಹೆಸರಿಡಲಾಗಿದೆ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಹಬ್ಬಿತು. ಈ ಎರಡಕ್ಕೂ ಸಂಬಂಧವಿಲ್ಲ, ಅಷ್ಟಕ್ಕೂ ದೇಶದಲ್ಲಿ ಇನ್ನೂ ಎಲ್ಲಿಯೂ 5ಜಿ ಪರೀಕ್ಷೆಯೇ ಆರಂಭವಾಗಿಲ್ಲ ಎಂದು ಇಲಾಖೆ ಮೇ 10ರಂದು ಸ್ಪಷ್ಟನೆ ನೀಡಬೇಕಾಯಿತು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದನ್ನು ಕೇಳಿದ್ದೆವು. ಹುಟ್ಟುವ ಮುನ್ನವೇ ಕೊಲೆಯ ಆರೋಪ ಹೊರಿಸಿದ್ದನ್ನು ಆಗ ಕಂಡೆವು. ಟವರ್‌ಗಳು ಹೊರಸೂಸಬಹುದಾದ ವಿಕಿರಣಕ್ಕೆ ಭಾರತವು 2012ರ ಸೆಪ್ಟೆಂಬರ್ 1ರಿಂದ ಅಂತರರಾಷ್ಟ್ರೀಯ ಮಿತಿಯ ಹತ್ತನೆಯ ಒಂದು ಪಾಲನ್ನು ಗೊತ್ತುಪಡಿಸಿತ್ತು ಎಂಬ ವಿಷಯ ಆ ಸಂದೇಶಗಳಲ್ಲಿ ಎಲ್ಲಿಯೂ ಇರಲಿಲ್ಲ.

ಬಯಲಿನ ಪರೀಕ್ಷೆಯ ಫಲಿತಾಂಶಗಳು ಒಂದೊಂದಾಗಿ ಹೊರಬಂದವು. 2021ರ ಸೆಪ್ಟೆಂಬರ್‌ನಲ್ಲಿ ಪುಣೆಯಲ್ಲಿ ಅತಿ ಎತ್ತರದ ಆವರ್ತನದಲ್ಲಿ ಸೆಕೆಂಡಿಗೆ 3.7 ಗಿಗಾಬಿಟ್ ವೇಗ ಸಾಧಿಸಿದೆವೆಂದು ವೊಡಾಫೋನ್ ಐಡಿಯಾ ಹೇಳಿತು. ಅಕ್ಟೋಬರ್‌ನಲ್ಲಿ ದೆಹಲಿ ರಾಜಧಾನಿ ವಲಯದ ಭೈಪುರ ಬ್ರಾಹ್ಮಣನ್ ಎಂಬ ಹಳ್ಳಿಯಲ್ಲಿ ಏರ್‌ಟೆಲ್ ಮತ್ತು ಎರಿಕ್ಸನ್ ಸಂಸ್ಥೆಗಳು ಟವರಿನಿಂದ 10 ಕಿಲೋಮೀಟರ್ ದೂರದಲ್ಲಿ 200 ಮೆಗಾಬಿಟ್‌ಗಿಂತ ಹೆಚ್ಚಿನ ವೇಗ ಕಂಡವು. ನವೆಂಬರ್‌ನಲ್ಲಿ ಕೋಲ್ಕತ್ತದ ಹೊರವಲಯದಲ್ಲಿ 700 ಮೆಗಾಹರ್ಟ್ಸ್ ಬಳಸಿ 40 ಕಿಲೋಮೀಟರ್ ದೂರಕ್ಕೆ ಸಂಪರ್ಕ ಏರ್ಪಟ್ಟಿತು.

ಈ ಅಂಕಿಗಳು ಸುಳ್ಳಲ್ಲ. ಆದರೆ ಓದುವ ಬಗೆಯನ್ನು ಅರಿತು ಓದಬೇಕು. ಪರೀಕ್ಷೆಯ ಜಾಲದಲ್ಲಿ ನೆರೆಹೊರೆಯವರಿಲ್ಲ. ನಡುರಾತ್ರಿಯ ಖಾಲಿ ಹೆದ್ದಾರಿಯಲ್ಲಿ ಓಡಿಸಿದ ವಾಹನದ ವೇಗವನ್ನು ಸಂತೆಯ ದಿನದ ಊರಬೀದಿಗೆ ಅನ್ವಯಿಸಲಾಗದು. ಟವರಿನ ಸಾಮರ್ಥ್ಯವನ್ನು ನೂರಾರು ಫೋನುಗಳು ಹಂಚಿಕೊಂಡಾಗ ಒಬ್ಬೊಬ್ಬರ ಪಾಲಿಗೆ ಬರುವುದೇ ಬೇರೆ. ಕೋಲ್ಕತ್ತದ 40 ಕಿಲೋಮೀಟರ್ ಎರಡು ನೆಲೆಗಳ ನಡುವಿನ ಅಂತರವೇ ಹೊರತು ಟವರಿನಿಂದ ಜೇಬಿನಲ್ಲಿರುವ ಫೋನಿಗಲ್ಲ. ಭೈಪುರದಲ್ಲಿ ಬಳಸಿದ್ದು ಮನೆಗೆ ಅಂತರ್ಜಾಲ ಒದಗಿಸುವ ಸ್ಥಿರ ಸಾಧನ. ಅದು ಗಂಗಾ-ಯಮುನೆಯರ ಸಮತಟ್ಟು ಸೀಮೆ. ಅಲ್ಲಿ 10 ಕಿಲೋಮೀಟರ್ ಸಾಗಿದ ತರಂಗ ಶೃಂಗೇರಿಯ, ಸಕಲೇಶಪುರದ, ಶಿರಸಿಯ ಕಾಡುಕಣಿವೆಗಳಲ್ಲಿ, ಜುಲೈ ತಿಂಗಳ ಮಳೆಯಲ್ಲಿ, ಎಷ್ಟು ದೂರ ಸಾಗೀತು ಎಂಬುದಕ್ಕೆ ಆ ಅಂಕಿ ಉತ್ತರವಲ್ಲ. ಗ್ರಾಮೀಣ ಪರೀಕ್ಷೆ ನಡೆಸಬೇಕೆಂಬ ನಿಬಂಧನೆ ಪಾಲನೆಯಾಗಲು ಒಂದು ಹಳ್ಳಿ ಸಾಕು. ಯಾವ ಹಳ್ಳಿ ಎಂಬುದನ್ನು ಆರಿಸುವ ಹಕ್ಕು ಪರೀಕ್ಷೆಗೆ ಒಳಗಾಗುವವನ ಕೈಯಲ್ಲಿದ್ದರೆ ಅವನು ತನಗೆ ಸುಲಭವಾದುದನ್ನೇ ಆರಿಸುವುದು ಮನುಷ್ಯಸಹಜ.

ಮೆಟ್ರೊ ನಿಲ್ದಾಣದ ಅಂಕಿಗಳಲ್ಲಿಯೂ ಒಂದು ಸೂಚನೆ ಅಡಗಿದೆ. ಇಳಿಯುವ ವೇಗವು ಏರುವ ವೇಗದ ಇಪ್ಪತ್ತೆರಡು ಪಟ್ಟು. ಚಲನಚಿತ್ರ ನೋಡುವವನಿಗೆ ಇಳಿಯುವ ವೇಗ ಸಾಕು. ದೂರದ ವೈದ್ಯರಿಗೆ ರೋಗಿಯ ಸ್ಕ್ಯಾನ್ ಚಿತ್ರ ಕಳಿಸುವ ತಾಲ್ಲೂಕು ಆಸ್ಪತ್ರೆಗೆ, ತಾನೇ ಬರೆದುದನ್ನು ಗುರುಗಳಿಗೆ ಕಳಿಸುವ ವಿದ್ಯಾರ್ಥಿಗೆ, ರೋಗ ತಗುಲಿದ ಅಡಕೆಯ ವಿಡಿಯೊವನ್ನು ಕೃಷಿ ತಜ್ಞರಿಗೆ ತೋರಿಸುವ ರೈತನಿಗೆ ಬೇಕಾದುದು ಏರುವ ವೇಗ. ಅದೇ ತಿಂಗಳು ಬೆಂಗಳೂರಿನ ಬಾಷ್ ಕಾರ್ಖಾನೆಯೊಂದರಲ್ಲಿ ಏರ್‌ಟೆಲ್ ಪ್ರಾಯೋಗಿಕ ತರಂಗಾಂತರ ಬಳಸಿ ಖಾಸಗಿ 5ಜಿ ಜಾಲವನ್ನು ಪರೀಕ್ಷಿಸಿತು. ಉತ್ಪನ್ನದ ಗುಣಮಟ್ಟ ಮತ್ತು ಯಂತ್ರಗಳ ದಕ್ಷತೆಗೆ ಅದು ನೆರವಾದೀತೇ ಎಂಬುದೇ ಅಲ್ಲಿಯ ಪ್ರಶ್ನೆ. ಕಾರ್ಖಾನೆಗೆ ತನ್ನ ಅಗತ್ಯ ಗೊತ್ತಿತ್ತು. ಅದನ್ನೇ ಪರೀಕ್ಷೆಯಾಗಿ ಮುಂದಿಟ್ಟಿತು.

ಪರೀಕ್ಷೆಯಿಂದ ಹೊರಗುಳಿಯುವ ಇನ್ನೊಂದು ಸಂಗತಿಯೆಂದರೆ ನೆರೆಯವನ ಕ್ಷೇಮ. 2022ರ ಜನವರಿಯಲ್ಲಿ ಅಮೆರಿಕದಲ್ಲಿ ನಡೆದುದು ನೆನಪಿರಬಹುದು. ಅಲ್ಲಿ ಹೊಸ 5ಜಿ ಸೇವೆ 3.7ರಿಂದ 3.98 ಗಿಗಾಹರ್ಟ್ಸ್‌ನಲ್ಲಿ ಆರಂಭವಾಗಲಿತ್ತು. ವಿಮಾನಗಳು ನೆಲದಿಂದ ತಮ್ಮ ಎತ್ತರವನ್ನು ಅಳೆಯುವ ಸಾಧನ 4.2ರಿಂದ 4.4ರಲ್ಲಿ ಕೆಲಸ ಮಾಡುತ್ತದೆ. ಒಂದು ಇನ್ನೊಂದಕ್ಕೆ ಅಡ್ಡಿ ಮಾಡಬಹುದೆಂಬ ಆತಂಕ ಸೇವೆಯ ಹೊಸ್ತಿಲಿನಲ್ಲಿ ಭುಗಿಲೆದ್ದಿತು. ಏರ್ ಇಂಡಿಯಾ ಸೇರಿದಂತೆ ಹಲವು ಸಂಸ್ಥೆಗಳು ಜನವರಿ 19ರ ಆಸುಪಾಸಿನಲ್ಲಿ ವಿಮಾನಗಳನ್ನು ರದ್ದುಪಡಿಸಿದವು. ಅಮೆರಿಕದಲ್ಲಿರುವ ಮಕ್ಕಳನ್ನು ನೋಡಹೊರಟ ನಮ್ಮವರೂ ಪರದಾಡಿದರು. ಭಾರತದಲ್ಲಿ ರನ್‌ವೇಯ ತುದಿಗಳಿಂದ 2.1 ಕಿಲೋಮೀಟರ್ ಮತ್ತು ಮಧ್ಯರೇಖೆಯಿಂದ 910 ಮೀಟರ್ ಒಳಗೆ 3.3 ಗಿಗಾಹರ್ಟ್ಸ್ ಶ್ರೇಣಿಯ ಟವರ್ ನಿಲ್ಲಿಸಬಾರದೆಂದು ಇಲಾಖೆ ಸೂಚಿಸಿದ್ದು 2022ರ ನವೆಂಬರ್ 29ರಂದು. ಸೇವೆಗೆ ಚಾಲನೆ ದೊರೆತದ್ದು ಅಕ್ಟೋಬರ್ 1ರಂದು. ಒಂದೂವರೆ ವರ್ಷದಷ್ಟು ಕಾಲ ಪ್ರಯೋಗಗಳು ನಡೆದ ಮೇಲೂ ಈ ಸೂಚನೆ ಚಾಲನೆಯ ನಂತರ ಬಂತು.

ಪರೀಕ್ಷೆ ಎಲ್ಲಿ ಮುಗಿಯುತ್ತದೆ, ವ್ಯಾಪಾರ ಎಲ್ಲಿ ಮೊದಲಾಗುತ್ತದೆ ಎಂಬುದು ಇನ್ನೂ ಸೂಕ್ಷ್ಮವಾದ ಪ್ರಶ್ನೆ. 2016ರಲ್ಲಿ ಜಿಯೊ ತನ್ನ 4ಜಿ ಸೇವೆಯನ್ನು ಸೆಪ್ಟೆಂಬರ್ 5ರಂದು ಅಧಿಕೃತವಾಗಿ ತೆರೆಯುವ ಮುನ್ನವೇ ಲಕ್ಷಾಂತರ ಜನ ‘ಪರೀಕ್ಷಾ ಬಳಕೆದಾರ’ರಾಗಿದ್ದರು. ಇದು ಪರೀಕ್ಷೆಯಲ್ಲ, ಪೂರ್ಣ ಸೇವೆಯೇ ಎಂದು ಇತರ ಸಂಸ್ಥೆಗಳ ಒಕ್ಕೂಟ ದೂರಿತು. ನಿಜವಾದ ಜನಸಂದಣಿಯಿಲ್ಲದೆ ಜಾಲವನ್ನು ಪರೀಕ್ಷಿಸುವುದು ಹೇಗೆ ಎಂದು ಜಿಯೊ ಕೇಳಿತು. ಇಬ್ಬರ ಮಾತಿನಲ್ಲಿಯೂ ಹುರುಳಿತ್ತು, ಇಬ್ಬರ ಮಾತಿನ ಹಿಂದೆಯೂ ಲಾಭದ ಲೆಕ್ಕವಿತ್ತು. ಈ ಜಗಳದ ಫಲವಾಗಿ ಟ್ರಾಯ್ 2017ರ ಡಿಸೆಂಬರ್ 4ರಂದು ಶಿಫಾರಸುಗಳನ್ನು ಪ್ರಕಟಿಸಿತು. ಸಾರ್ವಜನಿಕರನ್ನು ಸೇರಿಸಿಕೊಳ್ಳುವ ಕನಿಷ್ಠ 15 ದಿನ ಮೊದಲೇ ಇಲಾಖೆಗೂ ಪ್ರಾಧಿಕಾರಕ್ಕೂ ಜಾಲದ ಸಾಮರ್ಥ್ಯದ ಲೆಕ್ಕ ಕೊಡಬೇಕು. ಪರೀಕ್ಷಾ ಬಳಕೆದಾರರ ಸಂಖ್ಯೆ ಆ ವಲಯದಲ್ಲಿ ಸ್ಥಾಪಿತವಾದ ಸಾಮರ್ಥ್ಯದ ಶೇ 5ನ್ನು ಮೀರಬಾರದು. ಅವಧಿ 90 ದಿನ, ಹೆಚ್ಚು ಬೇಕಿದ್ದರೆ ಕಾರಣ ಹೇಳಿ ಕೇಳಬೇಕು ಎಂಬುದು ಅದರ ಸಾರ. ಕಂಪನಿಗಳ ನಡುವಿನ ನ್ಯಾಯವನ್ನು ಈ ಶಿಫಾರಸುಗಳು ಚೆನ್ನಾಗಿ ತೂಗಿದವು. ಆದರೆ ಪರೀಕ್ಷೆಯಲ್ಲಿ ಕಂಡ ದೋಷಗಳನ್ನು ಜನರ ಮುಂದಿಡಬೇಕೇ ಎಂಬ ಪ್ರಶ್ನೆ ಅವುಗಳ ಕೇಂದ್ರದಲ್ಲಿ ಇರಲಿಲ್ಲ.

2022ರಲ್ಲಿ ಇತಿಹಾಸ ಸ್ವಲ್ಪ ಬೇರೆ ವೇಷದಲ್ಲಿ ಮರಳಿತು. ಉದ್ಘಾಟನೆ ಆದ ಮೇಲೆ, ಅಕ್ಟೋಬರ್ 5ರಿಂದ, ಜಿಯೊ ತನ್ನ 5ಜಿಯನ್ನು ಮುಂಬಯಿ, ದೆಹಲಿ, ಕೋಲ್ಕತ್ತ, ವಾರಾಣಸಿಗಳಲ್ಲಿ ಆಹ್ವಾನಿತರಿಗೆ ‘ಬೀಟಾ ಪ್ರಯೋಗ’ ಎಂಬ ಹೆಸರಿನಲ್ಲಿ ನೀಡಿತು. ಹೆಚ್ಚುವರಿ ಶುಲ್ಕವಿಲ್ಲ, ಬಳಕೆಗೆ ಮಿತಿಯಿಲ್ಲ. 2024ರ ಜುಲೈನಲ್ಲಿ ದರಗಳು ಏರಿದವು. ಮಿತಿಯಿಲ್ಲದ 5ಜಿ ದಿನಕ್ಕೆ 2 ಜಿಬಿ ಮತ್ತು ಅದಕ್ಕಿಂತ ದೊಡ್ಡ ಯೋಜನೆಗಳವರಿಗೆ ಮಾತ್ರ ಉಳಿಯಿತು. ಕಾನೂನಿನ ಕಣ್ಣಿಗೆ ಇದರಲ್ಲಿ ತಪ್ಪೇನಿಲ್ಲ. ಆದರೆ ಬಿಟ್ಟಿ ಎಂದು ನಾವು ಸವಿದ ದಿನಗಳಲ್ಲಿ ಜಾಲವನ್ನು ಪರೀಕ್ಷಿಸಿಕೊಟ್ಟವರು ನಾವೇ ಎಂಬ ಅರಿವು ಇದ್ದಿದ್ದರೆ, ಕರೆ ಕಡಿದಾಗ, ಸಿಗ್ನಲ್ ಮಾಯವಾದಾಗ ಸುಮ್ಮನಿರದೆ ದಾಖಲಿಸಿ ದೂರುತ್ತಿದ್ದೆವೇನೋ.

ದೇಶದಲ್ಲಿ 5ಜಿ ತರಂಗಾಂತರದ ಹರಾಜು ನಡೆದದ್ದು 2022ರ ಜುಲೈ 26ರಿಂದ ಆಗಸ್ಟ್ 1ರವರೆಗೆ. ಸರ್ಕಾರಕ್ಕೆ ಬಂದ ಬಿಡ್ ಮೊತ್ತ 1,50,173 ಕೋಟಿ ರೂಪಾಯಿ. ಹರಾಜಿನ ಎರಡನೆಯ ದಿನ, ಜುಲೈ 27ರಂದು, ಕೇಂದ್ರ ಸಂಪುಟವು ಇನ್ನೊಂದು ನಿರ್ಣಯ ಕೈಗೊಂಡಿತು: ಸೇವೆಯಿಂದ ವಂಚಿತವಾದ 24,680 ಹಳ್ಳಿಗಳಿಗೆ 26,316 ಕೋಟಿ ರೂಪಾಯಿ ವೆಚ್ಚದಲ್ಲಿ 4ಜಿ ಒದಗಿಸುವುದು. ಐದನೆಯ ತಲೆಮಾರು ಬಿಕರಿಯಾಗುತ್ತಿದ್ದ ವಾರದಲ್ಲೇ ನಾಲ್ಕನೆಯದು ತಲಪದ ಹಳ್ಳಿಗಳ ಲೆಕ್ಕವೂ ಹೊರಬಿತ್ತು. ಆ ಹೊಣೆ ಬಿದ್ದದ್ದು ಬಿಎಸ್‌ಎನ್‌ಎಲ್ ಹೆಗಲಿಗೆ. ಸ್ವದೇಶಿ ತಂತ್ರಜ್ಞಾನವನ್ನೇ ಬಳಸಬೇಕೆಂಬ ನಿರ್ಧಾರದಿಂದ ಸಿ-ಡಾಟ್, ಟಿಸಿಎಸ್ ಹಾಗೂ ನಮ್ಮ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ಸೇರಿ ರೂಪಿಸಿದ ಜಾಲದಲ್ಲಿ ಮೊದಲ ಕರೆ ಹೋದದ್ದು 2021ರ ಅಕ್ಟೋಬರ್‌ನಲ್ಲಿ. ಪ್ರಧಾನಿಯವರು ಒಡಿಶಾದ ಝಾರ್ಸುಗುಡದಲ್ಲಿ ಅದನ್ನು ದೇಶಕ್ಕೆ ಸಮರ್ಪಿಸಿದ್ದು 2025ರ ಸೆಪ್ಟೆಂಬರ್ 27ರಂದು. ನಡುವೆ ನಾಲ್ಕು ವರ್ಷ. ಖಾಸಗಿಯವರಿಗೆ ಹೊರದೇಶದ ಸಿದ್ಧ ಯಂತ್ರಗಳಿದ್ದವು. ಇಲ್ಲಿ ಯಂತ್ರವನ್ನು ಕಟ್ಟುತ್ತಲೇ ಒರೆಗೆ ಹಚ್ಚಬೇಕಿತ್ತು. ಆ ಕಾಯುವಿಕೆಯ ಕಾಲದಲ್ಲಿ ಬಿಎಸ್‌ಎನ್‌ಎಲ್ ಒಂದನ್ನೇ ನಂಬಿದ್ದ ಕಾಡಂಚಿನ ಊರಿನವರು 2ಜಿ, 3ಜಿಗಳಲ್ಲೇ ದಿನ ದೂಡಿದರು ಎಂಬುದನ್ನೂ ಮರೆಯಬಾರದು. ಸ್ವಾವಲಂಬನೆಯ ಪರೀಕ್ಷಾ ಶುಲ್ಕವನ್ನು ಕಟ್ಟಿದವರು ಅವರು.

ಈಗ 6ಜಿ. 2023ರ ಮಾರ್ಚ್ 22ರಂದು ಭಾರತ ತನ್ನ 6ಜಿ ಮುನ್ನೋಟ ದಾಖಲೆಯನ್ನೂ ಪರೀಕ್ಷಾ ನೆಲೆಯನ್ನೂ ಪ್ರಕಟಿಸಿತು. ಅದೇ ವರ್ಷದ ನವೆಂಬರ್‌ನಲ್ಲಿ ಐಟಿಯು ಒಪ್ಪಿದ ಚೌಕಟ್ಟಿನಲ್ಲಿ, ಎಲ್ಲೆಡೆ ಎಲ್ಲರಿಗೂ ಸಂಪರ್ಕ ಎಂಬುದು ಆರು ಮುಖ್ಯ ಬಳಕೆಗಳಲ್ಲಿ ಒಂದಾಗಿ ಸ್ಥಾನ ಪಡೆದಿದೆ. 2030ರ ಹೊತ್ತಿಗೆ ಮಾನದಂಡ ಸಿದ್ಧವಾಗಬೇಕು; ಅಂದರೆ ಯಾವ ದೂರ, ಯಾವ ನೆಲ, ಯಾವ ಬಳಕೆದಾರ ಎಂಬ ಪರೀಕ್ಷಾ ಕ್ರಮ ರೂಪುಗೊಳ್ಳುವ ಕಾಲ ಇದೇ. ಒಮ್ಮೆ 6 ಕಿಲೋಮೀಟರಿನ ಬಯಲುಹಳ್ಳಿಯನ್ನು ಸೇರಿಸಿದ ದೇಶವು ಈ ಬಾರಿ ಕಣಿವೆಯ ಒಂಟಿಮನೆಗಳ ಊರನ್ನು, ಏರುವ ವೇಗವನ್ನು, ಮೂರು ದಿನ ವಿದ್ಯುತ್ ಹೋದಾಗಲೂ ಟವರ್ ನಿಲ್ಲಬೇಕಾದ ಮಳೆಗಾಲವನ್ನು ಪರೀಕ್ಷೆಗೆ ಸೇರಿಸಬೇಕೆಂದು ಕೇಳಬಹುದು.

ಕೇಳುವ ದಾರಿಗಳು ಮುಚ್ಚಿಲ್ಲ. ಟ್ರಾಯ್ ತನ್ನ ಸಮಾಲೋಚನಾ ಪತ್ರಗಳನ್ನು ಸಾರ್ವಜನಿಕವಾಗಿ ಪ್ರಕಟಿಸಿ ಅಭಿಪ್ರಾಯ ಆಹ್ವಾನಿಸುತ್ತದೆ. ಅಲ್ಲಿ ಬರೆಯುವವರಲ್ಲಿ ಕಂಪನಿಗಳೇ ಹೆಚ್ಚು, ಪಂಚಾಯಿತಿಗಳು ವಿರಳ. 2023ರ ಅಕ್ಟೋಬರ್‌ನಲ್ಲಿ ದೇಶದ ನೂರು ಶಿಕ್ಷಣ ಸಂಸ್ಥೆಗಳಿಗೆ 5ಜಿ ಪ್ರಯೋಗಾಲಯಗಳು ಮಂಜೂರಾದವು. ನಾಡಿನ ಮಠಗಳು ನಡೆಸುವ ಎಂಜಿನಿಯರಿಂಗ್ ಕಾಲೇಜುಗಳು, ಆಸ್ಪತ್ರೆಗಳು, ಹಳ್ಳಿಯ ಪ್ರೌಢಶಾಲೆಗಳು, ವಿದ್ಯಾರ್ಥಿನಿಲಯಗಳು ಒಂದೇ ಆಡಳಿತದ ಕೆಳಗೆ ಬಯಲುಸೀಮೆಯಿಂದ ಮಲೆನಾಡಿನವರೆಗೆ ಹರಡಿವೆ. ಕಾಲೇಜಿನ ವಿದ್ಯಾರ್ಥಿಗಳು ಒಂದು ಮಳೆಗಾಲವಿಡೀ ತಮ್ಮ ಸಂಸ್ಥೆಯ ಊರುಗಳಲ್ಲಿ ಸಿಗ್ನಲ್ ಎಲ್ಲಿ ಸಿಗುತ್ತದೆ, ಏರುವ ವೇಗ ಎಷ್ಟು, ಎಷ್ಟು ಹೊತ್ತು ಟವರ್ ಸತ್ತಿರುತ್ತದೆ ಎಂದು ಅಳೆದು ಬರೆದಿಟ್ಟರೆ, ಪರೀಕ್ಷೆಗೆ ಸ್ಥಳ ಹುಡುಕುವವರ ಮುಂದೆ ಇಡಲು ಸಿದ್ಧವಾದ ಪಟ್ಟಿಯೊಂದು ದೊರೆಯುತ್ತದೆ. ಇದಕ್ಕೆ ಬೇಕಾದುದು ಕೆಲವು ಫೋನುಗಳು, ಒಂದು ದಾಖಲೆ ಪುಸ್ತಕ ಮತ್ತು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳು.